ದೇಶಪ್ರೇಮವೂ ಲೆಕ್ಕ ಕೇಳುವ ಧೈರ್ಯವೂ

ದೇಶಪ್ರೇಮವೆಂಬ ಮಾತನ್ನು ನಾವೆಲ್ಲ ಪ್ರಾಥಮಿಕ ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ಅದರ ಮೇಲೆ ಪ್ರಬಂಧ ಬರೆದಿದ್ದೇವೆ. ಭಾಷಣ ಸ್ಪರ್ಧೆಗಳಲ್ಲಿ ಅದನ್ನು ಕುರಿತು ಮಾತನಾಡಿ ಬಹುಮಾನ ಗಳಿಸಿದವರೂ ನಮ್ಮ ನಡುವೆ ಇದ್ದಾರೆ. ಆದರೆ ಕೈಯಿಂದ ಕೈಗೆ ಹೋದ ನಾಣ್ಯದ ಮೇಲಿನ ಅಕ್ಷರ ಸವೆಯುವಂತೆ ಬಾಯಿಂದ ಬಾಯಿಗೆ ಹೋದ ಮಾತಿನ ಅರ್ಥವೂ ಸವೆಯುತ್ತದೆ. ದೇಶವನ್ನು ಪ್ರೀತಿಸುವುದೆಂದರೇನು? ಆ ಪ್ರೀತಿ ಯಾರಲ್ಲಿದೆ, ಯಾರಲ್ಲಿಲ್ಲ ಎಂದು ಅಳೆಯುವ ಕೊಳಗ ಯಾವುದು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳಾದ ನಾವು ಒಮ್ಮೆಯಾದರೂ ನೆಟ್ಟಗೆ ಕೇಳಿಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ಸಾಮಾನ್ಯವಾಗಿ ಈ ವಿಷಯದಲ್ಲಿ ಎರಡು ಬಗೆಯ ಜನರನ್ನು ಕಾಣುತ್ತೇವೆ. ಒಂದು ಬಗೆಯವರಿಗೆ ದೇಶಪ್ರೇಮವೆಂದರೆ ಹೊಗಳಿಕೆ. ನಮ್ಮದೆಲ್ಲವೂ ಶ್ರೇಷ್ಠ, ನಮ್ಮ ಹಿಂದಿನವರು ಮಾಡಿದ್ದೆಲ್ಲವೂ ಸರಿ, ಇಲ್ಲಿ ಏನೋ ಕೊರತೆಯಿದೆ ಎಂದು ಬಾಯಿಬಿಟ್ಟವನು ದ್ರೋಹಿ. ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯನ್ನು ಇವರು ದೇಶಕ್ಕೂ ಅನ್ವಯಿಸುತ್ತಾರೆ. ಇನ್ನೊಂದು ಬಗೆಯವರು ನಾಲ್ಕು ಪುಸ್ತಕ ಓದಿದವರು. ಅವರಿಗೆ ದೇಶಪ್ರೇಮವೆಂಬ ಮಾತೇ ನಗೆಪಾಟಲು. ಈ ದೇಶ ಸುಧಾರಿಸುವುದಿಲ್ಲ, ಈ ಜನ ತಿದ್ದಿಕೊಳ್ಳುವುದಿಲ್ಲ ಎಂದು ನಿಟ್ಟುಸಿರು ಬಿಟ್ಟು, ಅವಕಾಶ ಸಿಕ್ಕಿದ ದಿನ ಊರು ಬಿಟ್ಟರೆ ಸಾಕೆಂದು ಕಾದಿರುತ್ತಾರೆ. ಮೇಲ್ನೋಟಕ್ಕೆ ಇವರಿಬ್ಬರೂ ಪರಸ್ಪರ ವಿರೋಧಿಗಳು. ಆದರೆ ಫಲ ಒಂದೇ. ಹೊಗಳುವವನು ಮನೆಯ ಸೋರುವ ಮಾಳಿಗೆಯನ್ನು ನೋಡುವುದಿಲ್ಲ. ಹಳಿಯುವವನು ಮೇಲೆ ಹತ್ತಿ ಮಣ್ಣು ಹಾಕುವುದಿಲ್ಲ. ಮಳೆ ಬಂದಾಗ ನೆನೆಯುವವರು ಮಾತ್ರ ಮನೆಯೊಳಗಿನ ಮುದುಕರು, ಮಕ್ಕಳು.

ಇವೆರಡಕ್ಕೂ ಬೇರೆಯಾದ ಮೂರನೆಯ ದಾರಿಯೊಂದುಂಟು. ದೇಶವನ್ನು ತನ್ನದೆಂದು ತಿಳಿದು, ತನ್ನದಾದ್ದರಿಂದಲೇ ಅದರಿಂದ ಲೆಕ್ಕ ಕೇಳುವ ದಾರಿ ಅದು. ಅದರಲ್ಲಿ ಪ್ರೀತಿ ಮತ್ತು ಟೀಕೆ ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳು. ಈ ದಾರಿಯನ್ನು ಕುರಿತು ದೂರದ ಅಮೆರಿಕದಲ್ಲಿ ಬಹು ಕಾಲದಿಂದ ಚರ್ಚೆ ನಡೆದಿದೆ. ನಮ್ಮ ಕೊಪ್ಪಳ ಸೀಮೆಯಲ್ಲಿ ಅದು ನಡೆದೇ ತೋರಿಸಲ್ಪಟ್ಟಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಕಾಲಕ್ಕೆ ಬೇಕಾದ ಪಾಠ ದೊರೆಯುತ್ತದೆಂದು ನನ್ನ ನಂಬಿಕೆ.

ಅಮೆರಿಕದಲ್ಲಿ ಪ್ರಗತಿಪರರೆಂದು ಕರೆಯಿಸಿಕೊಳ್ಳುವವರು ಕಾರ್ಮಿಕರ, ಕರಿಯರ, ಸ್ತ್ರೀಯರ, ಬಡವರ ಪಕ್ಷ ವಹಿಸಿ ಕಾನೂನನ್ನೂ ಸಮಾಜವನ್ನೂ ಬದಲಿಸಬೇಕೆನ್ನುವವರು. ಅವರಿಗೊಂದು ಪೇಚು ಉಂಟು. 1776ರ ಜುಲೈ 4ರಂದು ಎಲ್ಲ ಮನುಷ್ಯರೂ ಸಮಾನರೆಂದು ಸಾರಿ ಹುಟ್ಟಿದ ದೇಶ ಅವರದು. ಆ ಘೋಷಣೆಗೆ 2026ಕ್ಕೆ 250 ವರ್ಷ. ಆದರೆ ಹಾಗೆ ಸಾರಿದ ದಿನವೇ ಲಕ್ಷಗಟ್ಟಲೆ ಜನ ಅಲ್ಲಿ ಗುಲಾಮರಾಗಿದ್ದರು. ಗುಲಾಮಗಿರಿ ಕಾನೂನಿನಿಂದ ಅಳಿದದ್ದು 1865ರಲ್ಲಿ. ಹೆಂಗಸರೆಂಬ ಕಾರಣಕ್ಕೆ ಮತವನ್ನು ನಿರಾಕರಿಸಬಾರದೆಂದು ಅವರ ಸಂವಿಧಾನ ಹೇಳಿದ್ದು 1920ರಲ್ಲಿ. ದಕ್ಷಿಣದ ರಾಜ್ಯಗಳ ಕರಿಯರಿಗೆ ಮತದ ಹಕ್ಕು ನಿಜವಾಗಿ ಕೈಸೇರಲು 1965ರ ಕಾಯಿದೆ ಬರಬೇಕಾಯಿತು. ಇಂಥ ಚರಿತ್ರೆ ಬಲ್ಲವನು ಧ್ವಜದ ಕೆಳಗೆ ನಿಂತು ಎದೆಯುಬ್ಬಿಸುವುದು ಹೇಗೆ? ವಿಯೆಟ್ನಾಂ ಯುದ್ಧದ ಕಾಲದಲ್ಲಿ ಯುದ್ಧವನ್ನು ಬೆಂಬಲಿಸಿದವರು ಧ್ವಜವನ್ನು ತಮ್ಮದಾಗಿಸಿಕೊಂಡಾಗ, ಯುದ್ಧ ಬೇಡವೆಂದವರಲ್ಲಿ ಅನೇಕರು ಅದರಿಂದ ದೂರ ಸರಿದರು. ಆ ಸಂಕೋಚ ಅಲ್ಲಿ ಇನ್ನೂ ಪೂರ್ಣ ಹೋಗಿಲ್ಲ. ಧ್ವಜವನ್ನು ಎದುರಾಳಿಗಳ ಕೈಗೆ ಬಿಟ್ಟುಕೊಟ್ಟು ದೇಶವನ್ನು ತಿದ್ದಲಾದೀತೇ ಎಂಬುದೇ ಅವರೊಳಗಿನ ವಾದ.

ಈ ವಾದಕ್ಕೆ ಉತ್ತರ ಅವರ ಚರಿತ್ರೆಯಲ್ಲಿಯೇ ಇದೆ. ಫ್ರೆಡರಿಕ್ ಡಗ್ಲಾಸ್ ಎಂಬಾತ ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, ಸ್ವಂತ ಶ್ರಮದಿಂದ ವಿದ್ಯೆ ಕಲಿತು ಮಹಾ ವಾಗ್ಮಿಯಾದವನು. 1852ರ ಜುಲೈ 5ರಂದು ರಾಚೆಸ್ಟರ್ ಪಟ್ಟಣದವರು ಅವನನ್ನು ಸ್ವಾತಂತ್ರ್ಯೋತ್ಸವದ ಭಾಷಣಕ್ಕೆ ಕರೆದರು. ಅವನು ಅವರ ಮುಖದ ಮುಂದೆಯೇ, ಈ ಹಬ್ಬ ಗುಲಾಮನಿಗೆ ಯಾವ ಅರ್ಥದ ಹಬ್ಬವೆಂದು ಕೇಳಿದನು. ಅಷ್ಟು ಕಟುವಾದ ಮಾತು ಆ ದೇಶದ ಯಾವ ವೈರಿಯ ಬಾಯಿಂದಲೂ ಬಂದಿರಲಾರದು. ಆದರೂ ಭಾಷಣದ ಕೊನೆಗೆ ತಾನು ಈ ದೇಶದ ವಿಷಯದಲ್ಲಿ ನಿರಾಶನಾಗಿಲ್ಲವೆಂದು ಹೇಳಿ, ಆ ದೇಶದ ಸಂವಿಧಾನವನ್ನು ಸರಿಯಾಗಿ ಓದಿದರೆ ಅದು ಸ್ವಾತಂತ್ರ್ಯದ ದಸ್ತಾವೇಜೆಂದು ವಾದಿಸಿದನು. ನೂರಹನ್ನೊಂದು ವರ್ಷದ ತರುವಾಯ, 1963ರ ಆಗಸ್ಟ್ 28ರಂದು, ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಮಾಡಿದ ಭಾಷಣದಲ್ಲಿ ಅದೇ ವಿಚಾರಕ್ಕೆ ಒಂದು ವ್ಯಾಪಾರದ ಹೋಲಿಕೆ ಕೊಟ್ಟನು. ದೇಶ ಕಟ್ಟಿದವರು ಬರೆದ ಘೋಷಣೆ ಒಂದು ಸಾಲಪತ್ರ. ಕರಿಯರು ಅದನ್ನು ತಂದು ತೋರಿಸಿದಾಗ ಖಾತೆಯಲ್ಲಿ ಹಣವಿಲ್ಲವೆಂದು ಮರಳಿಸಲಾಯಿತು. ಆದರೆ ನ್ಯಾಯದ ಪೇಢಿಯೇ ದಿವಾಳಿಯಾಗಿದೆಯೆಂದು ತಾವು ನಂಬುವುದಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ.

ನಮ್ಮ ಕಡೆಯ ಸಂತೆ ಪೇಟೆಗಳನ್ನು ಬಲ್ಲವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಂಡಿ ಬರೆದುಕೊಟ್ಟ ಸಾಹುಕಾರನ ಮರ್ಯಾದೆ ಇರುವುದು ಅದನ್ನು ತಂದು ತೋರಿಸಿದಾಗ ಹಣ ಎಣಿಸಿ ಕೊಡುವುದರಲ್ಲಿ. ಹುಂಡಿ ತಂದವನನ್ನು ಅಂಗಡಿಯ ವೈರಿ ಎನ್ನುವವರುಂಟೇ? ಅಂಗಡಿಯ ಮೇಲೆ ವಿಶ್ವಾಸವಿಲ್ಲದವನು ಆ ಕಾಗದವನ್ನು ಹರಿದು ಬಿಸಾಡುತ್ತಾನೆ. ವಿಶ್ವಾಸವಿದ್ದವನು ಬಿಸಿಲಲ್ಲಿ ನಡೆದು ಬಂದು ಬಾಗಿಲು ತಟ್ಟುತ್ತಾನೆ. ದೇಶದ ಬಾಗಿಲು ತಟ್ಟಿ, ಬರೆದುಕೊಟ್ಟದ್ದನ್ನು ಸಲ್ಲಿಸೆಂದು ಕೇಳುವವನು ದೇಶವನ್ನು ಅವಮಾನಿಸುತ್ತಿಲ್ಲ. ಅದರ ಮಾತಿಗೆ ಬೆಲೆಯಿದೆಯೆಂದು ನಂಬಿದ್ದಾನೆ.

ಇದು ಅಮೆರಿಕದ ಸರಕು, ನಮಗೇಕೆ ಎಂದು ಯಾರಾದರೂ ಕೇಳಬಹುದು. ಆದರೆ ವಿಚಾರಗಳಿಗೆ ಸುಂಕದ ಕಟ್ಟೆಯಿಲ್ಲ. ಡಾ. ಬಾಬಾಸಾಹೇಬ ಅಂಬೇಡ್ಕರರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಅವರ ಗುರುಗಳಲ್ಲೊಬ್ಬನಾದ ಜಾನ್ ಡ್ಯೂಯಿ ಆ ದೇಶದ ಪ್ರಗತಿಪರ ಚಿಂತಕರಲ್ಲಿ ಅಗ್ರಗಣ್ಯ. ಪ್ರಜಾಪ್ರಭುತ್ವವೆಂದರೆ ಬರಿಯ ಸರಕಾರದ ಪದ್ಧತಿಯಲ್ಲ, ಜನರು ಕೂಡಿ ಬಾಳುವ ಪದ್ಧತಿ ಎಂಬ ಅವನ ವಿಚಾರವನ್ನು ಅಂಬೇಡ್ಕರರು ತಮ್ಮದಾಗಿಸಿಕೊಂಡು ನಮ್ಮ ಜಾತಿ ವ್ಯವಸ್ಥೆಯ ಎದುರು ನಿಲ್ಲಿಸಿದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ರಾಜಕೀಯದಲ್ಲಿ ಸಮಾನತೆಯನ್ನೂ ಸಾಮಾಜಿಕ, ಆರ್ಥಿಕ ಜೀವನದಲ್ಲಿ ಅಸಮಾನತೆಯನ್ನೂ ಇಟ್ಟುಕೊಂಡು ನಾವು ಗಣರಾಜ್ಯಕ್ಕೆ ಕಾಲಿಡುತ್ತಿದ್ದೇವೆ, ಈ ವಿರೋಧಾಭಾಸವನ್ನು ಬೇಗ ನೀಗಿಸದಿದ್ದರೆ ಕಟ್ಟಿದ್ದೇ ಕುಸಿದೀತೆಂದು ಎಚ್ಚರಿಸಿದರು. ಸಂವಿಧಾನದ ಕರಡನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರೇ ಅದು ಅಂಗೀಕಾರವಾಗುವ ಹಿಂದಿನ ದಿನ ಈ ಎಚ್ಚರಿಕೆ ಕೊಟ್ಟರೆಂಬುದನ್ನು ಮರೆಯಬಾರದು. ಇದಕ್ಕಿಂತ ಹೆಚ್ಚಿನ ದೇಶಪ್ರೇಮ ಯಾವುದಿದೆ?

ಇನ್ನು ನಮ್ಮ ಸೀಮೆಗೆ ಬರೋಣ. ದೇಶಪ್ರೇಮದ ಪಾಠವನ್ನು ಕರ್ನಾಟಕದಲ್ಲಿ ಯಾರಾದರೂ ಕಷ್ಟಪಟ್ಟು ಕಲಿತಿದ್ದರೆ ಅದು ಹಿಂದಿನ ಹೈದರಾಬಾದ್ ಕರ್ನಾಟಕದವರು. ಗಡಿಯಾಚೆಯ ಗಜೇಂದ್ರಗಡ, ಇಳಕಲ್ಲುಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತು. ಕೆಲವೇ ಹರದಾರಿ ಈಚೆಗಿದ್ದ ಹನುಮಸಾಗರ, ಕುಷ್ಟಗಿ, ಯಲಬುರ್ಗಾಗಳು ನಿಜಾಮನ ಸಂಸ್ಥಾನದಲ್ಲಿದ್ದವು. ಇಲ್ಲಿ ಅದು ಬರಲು 13 ತಿಂಗಳು ಕಾಯಬೇಕಾಯಿತು. ಅದೇ ಭಾಷೆ, ಅದೇ ರೊಟ್ಟಿ, ಅದೇ ಬೀಗತನ, ಅದೇ ಜಾತ್ರೆ. ನಡುವೆ ಗಡಿಯ ಒಂದು ಗೆರೆ. ಆ ಗೆರೆಯ ಈಚೆ ರಜಾಕಾರರ ಹಾವಳಿ. ಕೊನೆಗೆ 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂದು, 17ರಂದು ನಿಜಾಮನು ಶರಣಾದನು.

ಸೇನೆ ಬರುವವರೆಗೆ ಇಲ್ಲಿಯ ಜನ ಕೈಕಟ್ಟಿ ಕುಳಿತಿದ್ದರೆಂದು ತಿಳಿಯಬಾರದು. 1858ರಲ್ಲಿಯೇ ಮುಂಡರಗಿ ಭೀಮರಾಯನು ಇಂಗ್ಲಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದಿದ್ದನು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಷೇಧಿಸಿದಾಗ ಸತ್ಯಾಗ್ರಹ ನಡೆಯಿತು. ಅದೇ ವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು; ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ವಿದ್ಯಾಭ್ಯಾಸ ಮುಂದುವರಿಸಿದರು. ನಮ್ಮ ವಯಸ್ಸಿನವರೇ ಅವರು. ಪದವಿಯನ್ನು ಪಣಕ್ಕಿಡುವುದೆಂದರೇನೆಂದು ನಾವು ಚೆನ್ನಾಗಿ ಬಲ್ಲೆವು; ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳಾದ ನಾನಂತೂ ಇನ್ನೂ ಚೆನ್ನಾಗಿ ಬಲ್ಲೆನು. 1947ರ ತರುವಾಯ ಗಡಿಯಾಚೆಯ ಮುಂಡರಗಿ, ಗಜೇಂದ್ರಗಡಗಳಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿ ಶಿಬಿರದ ಮುಂದಾಳು ನಮ್ಮ ಕೊಪ್ಪಳ ತಾಲೂಕಿನ ಅಳವಂಡಿಯ ಶಿವಮೂರ್ತಿಸ್ವಾಮಿಗಳು.

ಈ ಹೋರಾಟವನ್ನು ಎರಡು ಮತಗಳ ಜಗಳವೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಹೈದರಾಬಾದಿನಲ್ಲಿ ಇಮ್ರೋಜ್ ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದು ಬರೆದದ್ದಕ್ಕಾಗಿ 1948ರ ಆಗಸ್ಟಿನಲ್ಲಿ ಕೊಲೆಯಾದನು. ಅವನು ನಮಾಜು ಮಾಡುತ್ತಿದ್ದ ದೇವರೂ ಕೊಲೆಗಾರರು ಹೆಸರು ಹೇಳುತ್ತಿದ್ದ ದೇವರೂ ಒಂದೇ. ವ್ಯತ್ಯಾಸವಿದ್ದದ್ದು ಪ್ರಜೆಗಳಿಗೆ ಅಧಿಕಾರ ಸಲ್ಲಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಸೇನೆಯ ಕಾರ್ಯಾಚರಣೆಯ ಹೊತ್ತಿನಲ್ಲಿಯೂ ಅನಂತರವೂ ಸಂಸ್ಥಾನದ ಅನೇಕ ಕಡೆ ನಿರಪರಾಧಿ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳಲಾಯಿತು. ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಊರೂರು ಸುತ್ತಿ ವರದಿ ಸಲ್ಲಿಸಿತು. 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅದರ ಅಂದಾಜು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ, ಬೀದರಗಳೂ ಇದ್ದವು. ಆ ವರದಿ ಬಹು ದಶಕಗಳ ಕಾಲ ಪ್ರಕಟವಾಗಲಿಲ್ಲ. ವಿಮೋಚನೆಯ ಹಬ್ಬದ ದಿನ ಇದನ್ನೇಕೆ ನೆನೆಯಬೇಕು ಎಂದು ಕೆಲವರಿಗೆ ಅನ್ನಿಸಬಹುದು. ರಜಾಕಾರರು ಮಾಡಿದ್ದು ಅನ್ಯಾಯವೆಂದು ನಾವು ಹೇಳುವ ಮಾತಿಗೆ ಬಲ ಬರುವುದು, ನಮ್ಮವರು ಮಾಡಿದ ಅನ್ಯಾಯವನ್ನೂ ಅದೇ ಹೆಸರಿನಿಂದ ಕರೆದಾಗ. ತಕ್ಕಡಿ ಒಂದೇ ಇರಬೇಕು. ಕೊಳ್ಳುವಾಗ ಒಂದು ತಕ್ಕಡಿ, ಮಾರುವಾಗ ಒಂದು ತಕ್ಕಡಿ ಇಟ್ಟುಕೊಂಡವನನ್ನು ಸಂತೆಯಲ್ಲಿ ಯಾರೂ ನಂಬುವುದಿಲ್ಲ, ಚರಿತ್ರೆಯಲ್ಲಿಯೂ ಹಾಗೆಯೇ.

ಸ್ವಾತಂತ್ರ್ಯ ಬಂದ ಮೇಲೆ ಆ ಹೋರಾಟಗಾರರು ಏನು ಮಾಡಿದರೆಂಬುದು ನನ್ನ ವಾದಕ್ಕೆ ಮುಖ್ಯವಾದದ್ದು. ಅಳವಂಡಿ ಶಿವಮೂರ್ತಿಸ್ವಾಮಿಗಳು ಗೆದ್ದ ಪಕ್ಷದ ನೆರಳಲ್ಲಿ ಕುಳಿತು ಹೂಮಾಲೆ ಹಾಕಿಸಿಕೊಳ್ಳಬಹುದಿತ್ತು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಆಗಿನ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಗೆದ್ದರು. 1962ರಲ್ಲಿ ಕೊಪ್ಪಳ ಕ್ಷೇತ್ರದಿಂದ ಮತ್ತೆ ಆರಿಸಿ ಬಂದಾಗಲೂ ಆಳುವ ಪಕ್ಷದಲ್ಲಿರಲಿಲ್ಲ. ಯಾವ ದೇಶವನ್ನು ಸೇರುವುದಕ್ಕಾಗಿ ಪ್ರಾಣದ ಹಂಗು ತೊರೆದಿದ್ದರೋ ಅದೇ ದೇಶದ ಸಂಸತ್ತಿನಲ್ಲಿ ಆಳುವವರ ಎದುರಿನ ಸಾಲಿನಲ್ಲಿ ಕುಳಿತರು. ಹೋರಾಟದ ದಿನ ದೇಶಭಕ್ತರಾಗಿದ್ದವರು ವಿರೋಧ ಪಕ್ಷದಲ್ಲಿ ಕುಳಿತ ದಿನ ದೇಶಭಕ್ತರಲ್ಲದೆ ಹೋದರೇ? ಈ ಪ್ರಶ್ನೆಗೆ ನಮ್ಮ ಕುಷ್ಟಗಿಯ ಮತದಾರರು 1952ರಲ್ಲಿಯೇ ಉತ್ತರ ಕೊಟ್ಟಿದ್ದಾರೆ. ಅವರಲ್ಲಿ ಅಕ್ಷರ ಬಲ್ಲವರು ಕೆಲವರೇ. ವಿವೇಕಕ್ಕೆ ಮಾತ್ರ ಕೊರತೆಯಿರಲಿಲ್ಲ.

1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಒಂದಾದವು. ಏಕೀಕರಣದ ಆನಂದದಲ್ಲಿ ನಮ್ಮ ಭಾಗದ ಹಿಂದುಳಿದ ಸ್ಥಿತಿಯೂ ತಾನಾಗಿಯೇ ಕರಗೀತೆಂದು ಹಿರಿಯರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಅದು ಕರಗಲಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯ ಪ್ರಕಾರ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಏಕೀಕರಣವಾಗಿ 46 ವರ್ಷಗಳಾದ ಮೇಲಿನ ಲೆಕ್ಕವಿದು. ನಮ್ಮ ಭಾಗದವರು ಈ ಲೆಕ್ಕವನ್ನು ಹಿಡಿದು ಬೆಂಗಳೂರು, ದಿಲ್ಲಿಗಳ ಬಾಗಿಲು ತಟ್ಟಿದರು. ಬಹು ಕಾಲದ ಒತ್ತಾಯದ ಫಲವಾಗಿ ಸಂವಿಧಾನದ 98ನೆಯ ತಿದ್ದುಪಡಿಯಾಗಿ 371(ಜೆ) ವಿಧಿ ಸೇರಿತು. 2013ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಅದರ ಆಧಾರದ ಮೇಲೆ ಬಂದ ಆದೇಶಗಳಂತೆ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳು, ಇಲ್ಲಿಯ ಸರಕಾರಿ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ನೂರಕ್ಕೆ 75ರಿಂದ 85 ಸ್ಥಳೀಯರಿಗೆ ಮೀಸಲಾದವು. ನಮ್ಮ ಪೈಕಿ ಅನೇಕರ ಟ್ರಂಕಿನಲ್ಲಿ ಭದ್ರವಾಗಿ ಮಡಿಚಿಟ್ಟಿರುವ ಆ ಪ್ರಮಾಣಪತ್ರ ಯಾರ ಕೃಪೆಯೂ ಅಲ್ಲ. ದೇಶವನ್ನು ತಮ್ಮದೆಂದು ನಂಬಿ ಲೆಕ್ಕ ಕೇಳಿದವರು ಗಳಿಸಿಕೊಟ್ಟದ್ದು ಅದು.

2019ರಲ್ಲಿ ನಮ್ಮ ಭಾಗದ ಹೆಸರು ಕಲ್ಯಾಣ ಕರ್ನಾಟಕವೆಂದಾಯಿತು. ಹೆಸರು ಚಂದವಾಗಿದೆ, ಆದರೆ ಭಾರವೂ ಆಗಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಜಾತಿಯ ಮೇಲುಕೀಳನ್ನು ಒಪ್ಪದೆ, ದುಡಿದು ಉಣ್ಣುವುದೇ ದೊಡ್ಡದೆಂದು ಸಾರಿ, ಮನುಷ್ಯರು ಸಮಾನವಾಗಿ ಕುಳಿತು ಮಾತನಾಡುವ ಒಂದು ಜಗತ್ತನ್ನು ಕಲ್ಪಿಸಿದರು. ಭಕ್ತಿಯೆಂದರೆ ಕಣ್ಣುಮುಚ್ಚಿ ಕೈಮುಗಿಯುವುದೆಂದು ಅವರು ತಿಳಿದಿರಲಿಲ್ಲ. ಪ್ರಶ್ನೆ ಕೇಳುವುದೂ ಅವರ ಭಕ್ತಿಯ ಒಂದು ಅಂಗವಾಗಿತ್ತು. ಆ ಹೆಸರನ್ನು ಹೊತ್ತ ನಾಡಿನಲ್ಲಿ ನಾವು ಹೇಗಿದ್ದೇವೆ? ನಮ್ಮ ಜಿಲ್ಲೆಯ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಮೇಲೆ ಹಲ್ಲೆ ನಡೆದು ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕಿಂಗ್ ವಾಷಿಂಗ್ಟನ್ನಿನಲ್ಲಿ ಮಾತನಾಡಿ ಅಂದಿಗೆ ಸರಿಯಾಗಿ 51 ವರ್ಷ. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯವು ಆ ಪ್ರಕರಣದಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ಸರಿತಪ್ಪನ್ನು ತೂಗುವ ಕೆಲಸ ಮೇಲಿನ ನ್ಯಾಯಾಲಯಗಳದು. ಹತ್ತು ವರ್ಷ ಸಾಕ್ಷಿ ಹೇಳಲು ಅಂಜದೆ ಕೋರ್ಟಿಗೆ ನಡೆದ ಆ ಊರಿನ ಬಡವರನ್ನು ಮಾತ್ರ ನಾನು ಬಹಳ ಸಲ ನೆನೆದಿದ್ದೇನೆ. ಗುಡಿಸಲು ಸುಟ್ಟುಹೋದ ಮೇಲೂ ಈ ದೇಶದ ಕಾನೂನಿನಲ್ಲಿ ನ್ಯಾಯವಿದೆಯೆಂದು ನಂಬಿದವರು ಅವರು. ಸಂವಿಧಾನವೆಂಬ ಹುಂಡಿಯನ್ನು ಹಿಡಿದು ಬಾಗಿಲು ತಟ್ಟಿದವರು. ದೇಶಪ್ರೇಮವನ್ನು ಅಳೆಯುವ ಕೊಳಗ ಯಾವುದೆಂದು ನಾನು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅವರ ಬಳಿ ಇದೆ.

ಹೀಗೆ ಕೊರತೆಗಳನ್ನೇ ಎತ್ತಿ ಆಡಿದರೆ ಜನರ ಉತ್ಸಾಹ ಕುಗ್ಗುವುದಿಲ್ಲವೇ, ವೈರಿಗಳ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವೇ ಎಂದು ಕೆಲವು ಗೆಳೆಯರು ಆಕ್ಷೇಪಿಸುತ್ತಾರೆ. ಈ ಆಕ್ಷೇಪವನ್ನು ಲಘುವಾಗಿ ಕಾಣಲಾಗದು. ಗಡಿಯಲ್ಲಿ ಕಾಯುವ ಸೈನಿಕನಿಗೂ ಹೊಲದಲ್ಲಿ ದುಡಿಯುವ ರೈತನಿಗೂ ತಾನು ಒಳ್ಳೆಯದೊಂದಕ್ಕಾಗಿ ದುಡಿಯುತ್ತಿದ್ದೇನೆಂಬ ಭಾವನೆ ಬೇಕು. ಬರಿಯ ಹಳಿಯುವಿಕೆಯಿಂದ ಯಾವ ನಾಡೂ ಕಟ್ಟಿಕೊಂಡಿಲ್ಲ. ಆದರೆ ಹುಣ್ಣನ್ನು ಮುಚ್ಚಿಟ್ಟ ಮಾತ್ರಕ್ಕೆ ಮೈ ಬಲವಾಗುವುದಿಲ್ಲ. ವೈದ್ಯನು ನಾಡಿ ಹಿಡಿದು ರೋಗದ ಹೆಸರು ಹೇಳುವುದು ರೋಗಿಯನ್ನು ಹೆದರಿಸುವುದಕ್ಕಲ್ಲವಷ್ಟೆ. ಟೀಕಿಸುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ: ನಾನು ಹೇಳುವ ಕೊರತೆ ನೀಗಿದ ದಿನ ನನಗೆ ಸಂತೋಷವಾಗುತ್ತದೆಯೇ, ಅಥವಾ ಹೇಳಲು ಮಾತಿಲ್ಲದಂತಾಯಿತೆಂದು ಬೇಸರವಾಗುತ್ತದೆಯೇ? ಸಂತೋಷವಾಗುವುದಾದರೆ ಆ ಟೀಕೆ ಪ್ರೇಮದಿಂದ ಹುಟ್ಟಿದ್ದು.

ಇಲ್ಲಿಯೇ ಭರವಸೆಯ ಮಾತು ಬರುತ್ತದೆ. ಭರವಸೆಯೆಂದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆಂಬ ಸೋಮಾರಿಯ ಸಮಾಧಾನವಲ್ಲ. ನಮ್ಮ ಮಳೆಯಾಸರೆಯ ಹೊಲಗಳಲ್ಲಿ ಮುಂಗಾರಿಗೆ ಸಜ್ಜೆ ಬಿತ್ತುವ ರೈತನನ್ನು ನೋಡಿ. ಹೋದ ವರ್ಷ ಬರ ಬಿದ್ದದ್ದು ಅವನಿಗೆ ನೆನಪಿದೆ. ಬೀಜಕ್ಕೆ ಮಾಡಿದ ಸಾಲವೂ ನೆನಪಿದೆ. ಮುಗಿಲು ಮೋಸ ಮಾಡಬಹುದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲವನ್ನೂ ಬಲ್ಲವನಾಗಿ ಕೂರಿಗೆ ಹೂಡುತ್ತಾನೆ. ಡಗ್ಲಾಸನ ಭರವಸೆ ಇಂಥದು, ಮರಕುಂಬಿಯವರ ಭರವಸೆ ಇಂಥದು. ಸತ್ಯ ತಿಳಿದ ಮೇಲೂ ಉಳಿಯುವಂಥದು. ಬರದ ವರ್ಷ ಬೆಂಗಳೂರಿಗೋ ಮಂಗಳೂರಿಗೋ ಗೋವೆಗೋ ಗುಳೆ ಹೋಗುವ ನಮ್ಮ ಜನ, ಮಳೆಯ ಸುದ್ದಿ ಕೇಳಿದೊಡನೆ ಬೀಜದ ಯೋಚನೆ ಮಾಡುತ್ತ ಊರಿನ ಹಾದಿ ಹಿಡಿಯುತ್ತಾರೆ. ಈ ನೆಲದ ಮೇಲಿನ ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಇಂಥ ಭರವಸೆ ಫಲ ಕೊಡುತ್ತದೆಂಬುದಕ್ಕೂ ನಿದರ್ಶನಗಳಿವೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಬಾರಿಗೆ ರೈಲು ಬಂದಿತು. ಭಾರತದಲ್ಲಿ ಪ್ರಯಾಣಿಕರ ಮೊದಲ ರೈಲು ಓಡಿದ್ದು 1853ರಲ್ಲಿ. ಅದು ನಮ್ಮ ತಾಲೂಕಿನ ಬಾಗಿಲಿಗೆ ಬರಲು 172 ವರ್ಷ ಹಿಡಿಯಿತು. ಇದನ್ನು ಕೇಳಿ ಒಬ್ಬನು ರೈಲು ಬಂತಲ್ಲಾ ಎಂದು ಕುಣಿಯುತ್ತಾನೆ. ಇನ್ನೊಬ್ಬನು 172 ವರ್ಷವೇ ಎಂದು ಹಲ್ಲು ಕಡಿಯುತ್ತಾನೆ. ನನಗೆ ಎರಡೂ ಸರಿಯೆನ್ನಿಸುತ್ತದೆ. ರೈಲು ಬಂದದ್ದಕ್ಕೆ ಸಂತೋಷಪಡೋಣ. ತಡವಾದುದರ ಕಾರಣ ಕೇಳೋಣ. ಅದು ನಮ್ಮ ತರುಣರನ್ನು ಬರಿಯ ಗುಳೆಗೆ ಕರೆದೊಯ್ಯುವ ಗಾಡಿಯಾಗದೆ ಇಲ್ಲಿಗೆ ಉದ್ಯೋಗವನ್ನೂ ತರುವ ಗಾಡಿಯಾಗಲೆಂದು ಮುಂದಿನ ಬೇಡಿಕೆ ಬರೆಯೋಣ. ಈ ಮೂರೂ ಒಂದೇ ಮನಸ್ಸಿನಲ್ಲಿ ಇರಬಲ್ಲವು, ಇರಬೇಕು.

ಹೀಗಿರಲು ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವೇನು? ಉಸ್ಮಾನಿಯಾದ ವಿದ್ಯಾರ್ಥಿಗಳಂತೆ ಕಾಲೇಜು ಬಿಡಬೇಕಾದ ಕಾಲ ಇದಲ್ಲ. ನಮ್ಮಿಂದ ಕಾಲ ಕೇಳುವುದು ಇನ್ನೂ ಸಣ್ಣದು, ಆದರೆ ಇನ್ನೂ ದೀರ್ಘವಾದದ್ದು. ನಮಗೆ 18 ವರ್ಷಕ್ಕೆ ಮತ ಬಂದಿದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ; ಹತ್ತು ರೂಪಾಯಿ ಶುಲ್ಕದಲ್ಲಿ ಸರಕಾರದ ಕಡತದ ಪ್ರತಿ ಕೇಳಬಹುದು. ಊರಲ್ಲಿ ಗ್ರಾಮಸಭೆಯಿದೆ, ಅಲ್ಲಿ ಯಾವ ಪ್ರಜೆಯೂ ಎದ್ದು ಮಾತನಾಡಬಹುದು. ಶಿವಮೂರ್ತಿಸ್ವಾಮಿಗಳ ಕಾಲದವರಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಆಯುಧ ಕೈಗೆ ಬಂದಿದ್ದೂ ಅದನ್ನು ಗೋಡೆಗೆ ತೂಗುಹಾಕಿ ಪೂಜೆ ಮಾಡಿದರೆ ಹಿರಿಯರು ಮೆಚ್ಚುವರೇ?

ಆದುದರಿಂದ ನನ್ನ ಸಹಪಾಠಿಗಳ ಮತ್ತು ಪೂಜ್ಯ ಅಧ್ಯಾಪಕರ ಮುಂದೆ ಒಂದು ಸೂಚನೆಯನ್ನು ಇಡುತ್ತೇನೆ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಾವು ಧ್ವಜವೇರಿಸಿ, ಹಾಡಿ, ಸಿಹಿ ಹಂಚಿ ಮನೆಗೆ ಹೋಗುತ್ತೇವೆ. ಅದು ಹಾಗೆಯೇ ನಡೆಯಲಿ. ಅದರೊಡನೆ ಇನ್ನೊಂದು ಕಾರ್ಯ ಸೇರಲಿ. ಧ್ವಜದ ಕೆಳಗೆ ನಿಂತು ನಮ್ಮ ತಾಲೂಕಿನ ಒಂದು ವರ್ಷದ ಲೆಕ್ಕವನ್ನು ಓದೋಣ. ಎಷ್ಟು ಶಾಲೆಗಳಲ್ಲಿ ಶಿಕ್ಷಕರ ಹುದ್ದೆ ಖಾಲಿಯಿವೆ. ಎಷ್ಟು ಹಳ್ಳಿಗಳಿಗೆ ಕುಡಿಯುವ ನೀರು ಬಂತು, ಎಷ್ಟಕ್ಕೆ ಬರಲಿಲ್ಲ. ಎಷ್ಟು ಹುಡುಗಿಯರು ಹತ್ತನೆಯ ತರಗತಿಯಾದ ಮೇಲೆ ಓದು ಬಿಟ್ಟರು. ಎಷ್ಟು ಕುಟುಂಬಗಳು ಗುಳೆ ಹೋದವು. ಯಾವ ಗುಡಿಯ, ಯಾವ ಹೊಟೇಲಿನ ಬಾಗಿಲು ಯಾರಿಗೆ ಇನ್ನೂ ತೆರೆದಿಲ್ಲ. ಭಾಗದ ಅಭಿವೃದ್ಧಿಗೆಂದು ಬಂದ ಹಣದಲ್ಲಿ ಎಷ್ಟು ಖರ್ಚಾಯಿತು, ಯಾವುದಕ್ಕೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಗುರುಗಳ ಮಾರ್ಗದರ್ಶನದಲ್ಲಿ ವರ್ಷವಿಡೀ ಇದನ್ನು ಕೂಡಿಸಲಿ. ಒಳ್ಳೆಯದಾದದ್ದನ್ನು ಚಪ್ಪಾಳೆ ತಟ್ಟಿ ಹೇಳೋಣ; ಆಗದ್ದನ್ನು ಅಳುಕದೆ ಹೇಳೋಣ; ಆ ಲೆಕ್ಕದ ಒಂದು ಪ್ರತಿಯನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಪ್ರಕಟಿಸೋಣ. ಹತ್ತು ವರ್ಷ ಹೀಗೆ ಮಾಡಿದರೆ ನಮ್ಮ ಹಿಂದೆ ಬರುವ ತಮ್ಮ ತಂಗಿಯರ ಕೈಯಲ್ಲಿ ಈ ಸೀಮೆಯ ನಿಜವಾದ ಚರಿತ್ರೆಯೊಂದು ಇರುತ್ತದೆ.

ಇದು ಧ್ವಜಕ್ಕೆ ಅಗೌರವವೆಂದು ಯಾರೂ ಭಾವಿಸಬೇಕಾಗಿಲ್ಲ. ಮುಂಡರಗಿ ಶಿಬಿರದವರು ಪ್ರಾಣ ಕೊಡಲು ಸಿದ್ಧರಾಗಿದ್ದದ್ದು ಪ್ರಜೆಗಳಿಗೆ ಉತ್ತರ ಕೊಡುವ ಸರಕಾರವೊಂದು ಈ ನೆಲದಲ್ಲಿ ಬರಲೆಂದು. ಕೇಳುವ ಪ್ರಜೆಗಳೇ ಇಲ್ಲದಿದ್ದರೆ ಉತ್ತರ ಕೊಡುವ ಸರಕಾರ ಎಲ್ಲಿಂದ ಬಂದೀತು? ನಮ್ಮಲ್ಲಿ ಹೆಚ್ಚಿನವರು ಹೆಬ್ಬೆಟ್ಟು ಒತ್ತಿದ ಕೈಗಳ ಮಕ್ಕಳು, ಮೊಮ್ಮಕ್ಕಳು. ಆ ಕೈಗಳು ನಮ್ಮನ್ನು ಇಲ್ಲಿಗೆ ಕಳುಹಿಸಿದ್ದು ನಾಲ್ಕು ಅಕ್ಷರ ಓದಿ ಕಾಗದದಲ್ಲಿ ಏನು ಬರೆದಿದೆಯೆಂದು ತಿಳಿದು ಹೇಳಲೆಂದು. ಸಂವಿಧಾನವೆಂಬ ಕಾಗದವನ್ನು ನಾವು ಓದೋಣ. ಅದರಲ್ಲಿ ನಮ್ಮವರಿಗೆ ಬರೆದುಕೊಟ್ಟಿರುವುದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳೋಣ. ಸಲ್ಲದೆ ಉಳಿದ ಬಾಕಿಯನ್ನು ಕೇಳೋಣ. ಸಲ್ಲಿಸುವ ಕೆಲಸದಲ್ಲಿ ನಾವೂ ಹೆಗಲು ಕೊಡೋಣ.